ಓಎಸ್ ಹಾಕುವಾಗ ಎಲ್ಲಿ ನಿಂತಿತು?

ತಿಪಟೂರಿನ ಆಚೆ ಒಂದು ಹಳ್ಳಿಯಲ್ಲಿ ದೊಡ್ಡಪ್ಪನ ಮನೆ. ಹೈಸ್ಕೂಲು ಮೇಷ್ಟ್ರಾಗಿ ನಿವೃತ್ತರಾದ ವರ್ಷ ಅವರು ಒಂದು ಕಂಪ್ಯೂಟರ್ ಕೊಂಡಿದ್ದರು. 2020ರ ಜನವರಿಯಲ್ಲಿ ವಿಂಡೋಸ್ 7ಕ್ಕೆ ಕಂಪನಿಯ ಬೆಂಬಲ ನಿಂತಾಗ ಅದಕ್ಕೆ ವಿಂಡೋಸ್ 10 ಹಾಕಿಸಲು ಹೊರಟರು. ಅಂಗಡಿಯ ಹುಡುಗ ಎರಡು ಸಲ ಬಂದು ಪ್ರಯತ್ನಿಸಿದ. ಎರಡು ಸಲವೂ ಅರ್ಧಕ್ಕೇ ನಿಂತಿತು. ನಾನು ಹಬ್ಬಕ್ಕೆ ಹೋದಾಗ ಯಂತ್ರದಲ್ಲಿ ಹಳೆಯದೂ ಏಳುತ್ತಿರಲಿಲ್ಲ, ಹೊಸದೂ ಇರಲಿಲ್ಲ.

"ನಾಳೆ ಬಂದು ಪೂರ್ತಿ ಡಿಸ್ಕ್ ಅಳಿಸಿ ಹಾಕ್ತಾನಂತೆ ಕಣಪ್ಪ," ಎಂದರು ದೊಡ್ಡಪ್ಪ.

"ನಿಮ್ಮ ಫೈಲೆಲ್ಲ ಎಲ್ಲಿವೆ ದೊಡ್ಡಪ್ಪ?"

"ಎಲ್ಲಾ ಡಿ ಡ್ರೈವ್‌ನಲ್ಲಿದೆ. ಫಾರ್ಮ್ಯಾಟ್ ಮಾಡಿದ್ರೂ ಅದಕ್ಕೇನೂ ಆಗಲ್ವಲ್ಲ?"

ಆ 'ಎಲ್ಲಾ' ಎನ್ನುವುದರಲ್ಲಿ ಅವರು ಆರು ವರ್ಷ ಕೂತು 'ನುಡಿ' ತಂತ್ರಾಂಶದಲ್ಲಿ ಟೈಪ್ ಮಾಡಿದ್ದ ನಮ್ಮ ಮನೆತನದ ಚರಿತ್ರೆಯೂ ಇತ್ತು. ಇನ್ನೊಂದು ಪ್ರತಿ ಎಲ್ಲೂ ಇರಲಿಲ್ಲ. ಅವತ್ತು ಕೈ ತಣ್ಣಗಾದದ್ದು ನನಗಿನ್ನೂ ನೆನಪಿದೆ. ಓಎಸ್, ಅಂದರೆ ವಿಂಡೋಸ್, ಲಿನಕ್ಸ್‌ನಂಥ ಕಾರ್ಯಾಚರಣಾ ವ್ಯವಸ್ಥೆ, ಹಾಕುವಾಗ ಕೆಟ್ಟು ನಿಂತಿತೆಂದು ಯಾರೇ ಫೋನ್ ಮಾಡಲಿ, ಅಲ್ಲಿಂದೀಚೆಗೆ ನಾನು ಎರಡೇ ಪ್ರಶ್ನೆ ಕೇಳುತ್ತೇನೆ. ಫೈಲುಗಳ ನಕಲು ಬೇರೆ ಕಡೆ ಇದೆಯೇ? ಕೆಲಸ ಸರಿಯಾಗಿ ಎಲ್ಲಿ ನಿಂತಿತು?

ಮೊದಲನೆಯದಕ್ಕೆ 'ಇಲ್ಲ' ಎಂಬ ಉತ್ತರ ಬಂದರೆ ಎರಡನೆಯದಕ್ಕೆ ಹೋಗುವುದೇ ಬೇಡ. ಸಿ, ಡಿ, ಇ ಎನ್ನುವುದು ಬಹುತೇಕ ಮನೆಗಳಲ್ಲಿ ಒಂದೇ ಹಾರ್ಡ್ ಡಿಸ್ಕಿನ ಮೂರು ಭಾಗ. ಒಂದು ಹೊಲಕ್ಕೆ ಎರಡು ಬದು ಹಾಕಿದ ಹಾಗೆ. ಸಿ ಭಾಗವನ್ನು ಮಾತ್ರ ಫಾರ್ಮ್ಯಾಟ್ ಮಾಡಿದರೆ ಡಿ ಉಳಿಯುತ್ತದೆ, ನಿಜ. ಆದರೆ ಡಿಸ್ಕನ್ನೇ ಅಳಿಸಿದರೆ ಬದುವೂ ಇಲ್ಲ, ಬೆಳೆಯೂ ಇಲ್ಲ. ಡಿ ಡ್ರೈವ್ ಬ್ಯಾಕಪ್ ಅಲ್ಲ.

ವಿಂಡೋಸ್ ಏಳದೆ ಇದ್ದರೂ ಫೈಲು ತೆಗೆಯಬಹುದು. ಅವತ್ತು ರಾತ್ರಿ ನಾನು ಮಾಡಿದ್ದೂ ಅದನ್ನೇ. ಬೇರೆ ಕಂಪ್ಯೂಟರಿನಲ್ಲಿ ಉಬುಂಟು ಅಥವಾ ಲಿನಕ್ಸ್ ಮಿಂಟ್‌ನ ಪೆನ್‌ಡ್ರೈವ್ ಮಾಡಿಕೊಂಡು, ಅದರಿಂದ ಬೂಟ್ ಮಾಡಿ, ಇನ್‌ಸ್ಟಾಲ್ ಒತ್ತದೆ 'ಟ್ರೈ' ಎಂಬುದು ಕಂಡರೆ ಅದನ್ನು ಒತ್ತಿ. ಡಿಸ್ಕಿಗೆ ಏನೂ ಬರೆಯದೆ ಲಿನಕ್ಸ್ ಅಲ್ಲೇ ಓಡುತ್ತದೆ. ಫೈಲ್ ಮ್ಯಾನೇಜರಿನಲ್ಲಿ ನಿಮ್ಮ ಡಿ, ಇ ಕಾಣುತ್ತವೆ. ಹೊರಗಿನ ಡಿಸ್ಕಿಗೆ ನಕಲು ಮಾಡಿಕೊಳ್ಳಿ. ಸಿ ಇನ್ನೂ ಅಳಿಸಿಲ್ಲವಾದರೆ ಅಲ್ಲಿನ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್ ಫೋಲ್ಡರುಗಳನ್ನೂ ಮರೆಯಬೇಡಿ. ಕನ್ನಡ ಟೈಪ್ ಮಾಡುವವರು ವಿಂಡೋಸ್ ಫೋಲ್ಡರಿನ ಒಳಗಿರುವ ಫಾಂಟ್ಸ್ ಫೋಲ್ಡರನ್ನೂ ತೆಗೆದಿಟ್ಟುಕೊಳ್ಳಿ. ಯಾಕೆಂದು ಕೊನೆಗೆ ಹೇಳುತ್ತೇನೆ.

ಡಿಸ್ಕಿನಿಂದ ಟಿಕ್ ಟಿಕ್ ಎಂಬ ಸದ್ದು ಬರುತ್ತಿದ್ದರೆ ಮಾತ್ರ ಯಾವ ಪ್ರಯೋಗವೂ ಬೇಡ. ಯಂತ್ರ ಆರಿಸಿ, ಡೇಟಾ ರಿಕವರಿ ಮಾಡುವವರ ಹತ್ತಿರ ಒಯ್ಯಿರಿ. ಪ್ರತಿ ಸಲ ಆನ್ ಮಾಡಿದಾಗಲೂ ಉಳಿದದ್ದು ಇನ್ನಷ್ಟು ಹಾಳಾಗಬಹುದು.

ಸಂದೇಶವನ್ನು ಬರೆದಿಟ್ಟುಕೊಳ್ಳಿ

ತಪ್ಪಾದಾಗ ಪರದೆಯ ಮೇಲೆ ಒಂದು ವಾಕ್ಯವೋ ಸಂಖ್ಯೆಯೋ ಬರುತ್ತದೆ. ನಾವು ಗಾಬರಿಯಲ್ಲಿ ಅದನ್ನು ಮುಚ್ಚಿ ಮತ್ತೆ ಮೊದಲಿಂದ ಶುರು ಮಾಡುತ್ತೇವೆ. ಮುಚ್ಚುವ ಮೊದಲು ಮೊಬೈಲಿನಲ್ಲಿ ಒಂದು ಫೋಟೋ ತೆಗೆಯಿರಿ. ಶೇಕಡಾ ಎಷ್ಟರಲ್ಲಿ ನಿಂತಿತು, ಎಷ್ಟನೇ ರೀಸ್ಟಾರ್ಟ್ ಆದಮೇಲೆ ನಿಂತಿತು ಎಂಬುದನ್ನೂ ಒಂದು ಚೀಟಿಯಲ್ಲಿ ಬರೆಯಿರಿ. ದೊಡ್ಡಪ್ಪ ಮೇಷ್ಟ್ರು ಬುದ್ಧಿ ಬಿಟ್ಟಿರಲಿಲ್ಲ. ಹಳೆಯ ಹಾಜರಿ ಪುಸ್ತಕದ ಹಿಂಬದಿಯಲ್ಲಿ ಎರಡೂ ಸಲದ್ದನ್ನು ಪೆನ್ಸಿಲಿನಲ್ಲಿ ಬರೆದಿಟ್ಟಿದ್ದರು. ಮೊದಲ ಸಲ 38, ಎರಡನೆಯ ಸಲ 61. ಜೊತೆಗೆ 80070570 ಎಂದು ಮುಗಿಯುವ ಸಂಖ್ಯೆ. ನಮ್ಮ ಅರ್ಧ ಕೆಲಸ ಆ ಪೆನ್ಸಿಲಿನ ಎರಡು ಸಾಲಿನಲ್ಲೇ ಆಗಿತ್ತು.

ನಿಂತದ್ದು ಎಲ್ಲಿ ಎಂಬುದರ ಮೇಲೆ ದೋಷ ಎಲ್ಲಿದೆ ಎಂದು ಸುಮಾರಾಗಿ ಹೇಳಬಹುದು. ಶುರುವೇ ಆಗದಿದ್ದರೆ ಪೆನ್‌ಡ್ರೈವ್ ಅಥವಾ ಬಯಾಸ್ (ಯಂತ್ರ ಏಳುವಾಗ ಮೊದಲು ಓಡುವ, ಮದರ್‌ಬೋರ್ಡಿನಲ್ಲೇ ಇರುವ ತಂತ್ರಾಂಶ) ಸೆಟ್ಟಿಂಗ್. ಡಿಸ್ಕ್ ಆರಿಸುವಲ್ಲಿ ನಿಂತರೆ ಡಿಸ್ಕಿನ ಜೋಡಣೆಯ ಬಗೆ ಅಥವಾ ಡ್ರೈವರ್. ನಕಲಿನ ನಡುವೆ ನಿಂತರೆ ಪೆನ್‌ಡ್ರೈವ್, ರ‍್ಯಾಮ್, ಡಿಸ್ಕ್ ಈ ಮೂರರಲ್ಲಿ ಒಂದು.

ಪೆನ್‌ಡ್ರೈವ್ ಎದ್ದೇಳದಿದ್ದರೆ

ಇಳಿಸಿಕೊಂಡ ಐಎಸ್‌ಒ ಫೈಲನ್ನು ಹಾಡು ಹಾಕಿಕೊಂಡ ಹಾಗೆ ಪೆನ್‌ಡ್ರೈವಿಗೆ ಕಾಪಿ ಮಾಡಿದರೆ ಅದು ಬೂಟ್ ಆಗುವುದಿಲ್ಲ. ನಾನು ಕಂಡ ತಪ್ಪುಗಳಲ್ಲಿ ಇದೇ ಹೆಚ್ಚು. ವಿಂಡೋಸ್‌ಗೆ ಮೈಕ್ರೋಸಾಫ್ಟ್‌ನದೇ ಮೀಡಿಯಾ ಕ್ರಿಯೇಷನ್ ಟೂಲ್ ಇದೆ. ಅದಕ್ಕೆ ಕನಿಷ್ಠ 8 ಜಿಬಿಯ ಪೆನ್‌ಡ್ರೈವ್ ಬೇಕು. ಲಿನಕ್ಸಿಗೂ ವಿಂಡೋಸಿಗೂ ಆಗುವಂಥದ್ದು ರೂಫಸ್. ಕೈಯಿಂದಲೇ ಫೈಲುಗಳನ್ನು ಜೋಡಿಸಲು ಹೋದವರು ಫ್ಯಾಟ್32ರ ಮಿತಿಗೆ ಸಿಕ್ಕಿಕೊಳ್ಳುತ್ತಾರೆ. ಆ ಪದ್ಧತಿಯಲ್ಲಿ 4 ಜಿಬಿ ಮೀರಿದ ಒಂದೇ ಫೈಲು ಹಿಡಿಸುವುದಿಲ್ಲ, ವಿಂಡೋಸ್‌ನ ಮುಖ್ಯ ಫೈಲು ಈಗ ಅದನ್ನು ಮೀರುವುದುಂಟು. ರೂಫಸ್ ಇದನ್ನು ತಾನೇ ನಿಭಾಯಿಸುತ್ತದೆ.

ಓಎಸ್ ಅನ್ನು ಅದನ್ನು ಮಾಡಿದವರ ತಾಣದಿಂದಲೇ ಇಳಿಸಿಕೊಳ್ಳಿ. 'ಆ್ಯಕ್ಟಿವೇಟ್ ಆಗಿಯೇ ಬರುತ್ತೆ' ಎಂದು ಯಾರೋ ಕೊಟ್ಟ ಪ್ರತಿಯೊಳಗೆ ಏನೇನು ಸೇರಿದೆಯೆಂದು ಯಾರಿಗೂ ತಿಳಿಯದು. ಆ ಯಂತ್ರದಲ್ಲಿ ನೀವು ಬ್ಯಾಂಕಿನ ಪಾಸ್‌ವರ್ಡ್ ಒತ್ತುವವರು. ಮೊದಲು ಅಸಲಿ ವಿಂಡೋಸ್ 10 ಅಥವಾ 11 ಇದ್ದ ಯಂತ್ರವಾದರೆ ಕೀ ಕೇಳಿದಾಗ ಹೆದರಬೇಕಿಲ್ಲ. 'ನನ್ನ ಬಳಿ ಪ್ರಾಡಕ್ಟ್ ಕೀ ಇಲ್ಲ' ಎಂಬುದನ್ನು ಒತ್ತಿ, ಮೊದಲಿದ್ದ ಆವೃತ್ತಿಯನ್ನೇ ಆರಿಸಿ. ಹೋಮ್ ಇದ್ದರೆ ಹೋಮ್, ಪ್ರೊ ಇದ್ದರೆ ಪ್ರೊ. ಪರವಾನಗಿ ಮದರ್‌ಬೋರ್ಡಿಗೆ ಅಂಟಿಕೊಂಡಿರುವುದರಿಂದ ಇಂಟರ್‌ನೆಟ್ ಸಿಕ್ಕ ಮೇಲೆ ತಾನೇ ಆ್ಯಕ್ಟಿವೇಟ್ ಆಗುತ್ತದೆ.

ಪೆನ್‌ಡ್ರೈವ್ ಸರಿಯಾಗಿದ್ದೂ ಯಂತ್ರ ಅದನ್ನು ನೋಡದಿದ್ದರೆ ಬೂಟ್ ಮೆನು ತೆರೆಯಿರಿ. ಆನ್ ಮಾಡಿದ ಕೂಡಲೇ ಡೆಲ್, ಲೆನೊವೊಗಳಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9, ಏಸಸ್ ಮದರ್‌ಬೋರ್ಡುಗಳಲ್ಲಿ ಎಫ್8 ಕೀಲಿಯನ್ನು ಬಿಟ್ಟು ಬಿಟ್ಟು ಒತ್ತುತ್ತಿರಿ. ಹಳೆಯ ಡೆಸ್ಕ್‌ಟಾಪ್ ಆದರೆ ಕ್ಯಾಬಿನೆಟ್ಟಿನ ಮುಂದಿನ ಪೋರ್ಟ್ ಬಿಟ್ಟು ಹಿಂಬದಿಯ ಪೋರ್ಟಿಗೆ ಚುಚ್ಚಿ ನೋಡಿ.

ವಿಂಡೋಸ್ 11 ಹಾಕುವವರಿಗೆ ಇನ್ನೊಂದು ಬಾಗಿಲಿದೆ. 'ಈ ಪಿಸಿಯಲ್ಲಿ ವಿಂಡೋಸ್ 11 ಓಡದು' ಎಂಬ ಸಂದೇಶ ಬಂದಾಕ್ಷಣ ಯಂತ್ರ ಹಳೆಯದೆಂದು ತೀರ್ಮಾನಿಸಬೇಡಿ. 4 ಜಿಬಿ ರ‍್ಯಾಮ್, 64 ಜಿಬಿ ಜಾಗದ ಜೊತೆಗೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ, ಸೆಕ್ಯೂರ್ ಬೂಟ್ ಸೌಲಭ್ಯ ಇರಬೇಕೆಂಬುದು ನಿಯಮ. ಎಷ್ಟೋ ಬೋರ್ಡುಗಳಲ್ಲಿ ಟಿಪಿಎಂ ಇದ್ದೂ ಆಫ್ ಆಗಿರುತ್ತದೆ. ಬಯಾಸ್‌ನಲ್ಲಿ ಇಂಟೆಲ್‌ನವರು ಅದನ್ನು ಪಿಟಿಟಿ ಎಂದೂ ಎಎಂಡಿಯವರು ಎಫ್‌ಟಿಪಿಎಂ ಎಂದೂ ಕರೆಯುತ್ತಾರೆ. ಆನ್ ಮಾಡಿದರೆ ಸಂದೇಶ ಹೋಗಬಹುದು. ಆದರೆ ಪ್ರೊಸೆಸರ್ ಇಂಟೆಲ್‌ನ 8ನೇ ತಲೆಮಾರಿಗಿಂತ ಹಿಂದಿನದಾದರೆ ಬಹುಮಟ್ಟಿಗೆ ಅದು ಪಟ್ಟಿಯಲ್ಲೇ ಇಲ್ಲ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ ಅಂಥ ಯಂತ್ರಕ್ಕೆ ಲಿನಕ್ಸ್ ಮಿಂಟ್ ಹಾಕುವುದು ಅಡ್ಡದಾರಿಯಲ್ಲಿ 11 ತುರುಕುವುದಕ್ಕಿಂತ ಒಳ್ಳೆಯದೆಂದೇ ನನ್ನ ಅಭಿಪ್ರಾಯ.

ಬಯಾಸ್‌ಗೆ ಕೈ ಹಾಕುವ ಮೊದಲು ಒಂದು ಎಚ್ಚರಿಕೆ. ಈಚಿನ ಲ್ಯಾಪ್‌ಟಾಪುಗಳಲ್ಲಿ ಡಿಸ್ಕಿಗೆ ಬಿಟ್‌ಲಾಕರ್ ಬೀಗ ನಮಗೆ ಗೊತ್ತಿಲ್ಲದೆಯೇ ಬಿದ್ದಿರುತ್ತದೆ. ಟಿಪಿಎಂ, ಸೆಕ್ಯೂರ್ ಬೂಟ್ ಬದಲಿಸಿದರೆ ಅದು 48 ಅಂಕಿಗಳ ರಿಕವರಿ ಕೀ ಕೇಳಬಹುದು. ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಅದು ಇದೆಯೇ ಎಂದು ಮೊಬೈಲಿನಿಂದಲೇ ನೋಡಿ, ಕಾಗದದ ಮೇಲೆ ಬರೆದಿಟ್ಟುಕೊಂಡು ಮುಂದುವರಿಯಿರಿ. ಆ ಅಂಕಿಗಳಿಲ್ಲದೆ ಬೀಗ ಬಿದ್ದ ಡಿಸ್ಕಿನ ಫೈಲುಗಳನ್ನು ಲಿನಕ್ಸಿನಿಂದಲೂ ತೆಗೆಯಲಾಗದು.

ಡಿಸ್ಕ್ ಆರಿಸುವ ಪರದೆ

ಅತ್ಯಂತ ಹೆಚ್ಚು ನಷ್ಟ ಆಗುವುದು ಇಲ್ಲೇ. ನಿಧಾನವಾಗಿ ಓದಿ.

ಈ ಪರದೆಯಲ್ಲಿ ಸಿ, ಡಿ ಎಂಬ ಅಕ್ಷರಗಳು ಇರುವುದಿಲ್ಲ. ಡಿಸ್ಕ್ 0, ಪಾರ್ಟಿಷನ್ 1, ಪಾರ್ಟಿಷನ್ 2 ಎಂದಷ್ಟೇ ಇರುತ್ತದೆ. ಯಾವುದು ಯಾವುದೆಂದು ಗಾತ್ರದಿಂದಲೇ ಗುರುತಿಸಬೇಕು. ಎರಡು ಡಿಸ್ಕ್ ಇರುವ ಡೆಸ್ಕ್‌ಟಾಪ್ ಆದರೆ ಓಎಸ್ ಬೇಡದ ಡಿಸ್ಕಿನ ಕೇಬಲ್ಲನ್ನು ಮೊದಲೇ, ಯಂತ್ರ ಆರಿಸಿ ಕಿತ್ತಿಡಿ. ಹೊರಗಿನ ಹಾರ್ಡ್ ಡಿಸ್ಕನ್ನೂ ತೆಗೆದುಬಿಡಿ. ಕಣ್ಣಿಗೆ ಕಾಣದ ಡಿಸ್ಕನ್ನು ಕೈತಪ್ಪಿ ಅಳಿಸಲಾಗದು.

ಪಟ್ಟಿ ಖಾಲಿಯಾಗಿದ್ದರೆ? ಇಂಟೆಲ್ 11ನೇ ತಲೆಮಾರಿನ ಆಚೀಚಿನ ಮತ್ತು ನಂತರದ ಲ್ಯಾಪ್‌ಟಾಪುಗಳಲ್ಲಿ ಇದು ಪದೇ ಪದೇ ಆಗುತ್ತದೆ. ಎಸ್‌ಎಸ್‌ಡಿ ಕೆಟ್ಟಿಲ್ಲ. ಅದು ವಿಎಂಡಿ ಎಂಬ ಇಂಟೆಲ್ ನಿಯಂತ್ರಕದ ಹಿಂದೆ ಕೂತಿದೆ, ಅದರ ಡ್ರೈವರ್ ಪೆನ್‌ಡ್ರೈವಿನಲ್ಲಿಲ್ಲ. ಲ್ಯಾಪ್‌ಟಾಪ್ ಕಂಪನಿಯ ತಾಣದಿಂದ ಇಂಟೆಲ್ ರ‍್ಯಾಪಿಡ್ ಸ್ಟೋರೇಜ್ ಡ್ರೈವರ್ ಇಳಿಸಿ, ಬಿಡಿಸಿ, ಅದೇ ಪೆನ್‌ಡ್ರೈವಿನ ಒಂದು ಫೋಲ್ಡರಿಗೆ ಹಾಕಿಕೊಳ್ಳಿ. ಆ ಪರದೆಯಲ್ಲೇ ಇರುವ 'ಲೋಡ್ ಡ್ರೈವರ್' ಒತ್ತಿ ಫೋಲ್ಡರನ್ನು ತೋರಿಸಿ. ಡಿಸ್ಕ್ ಪ್ರತ್ಯಕ್ಷವಾಗುತ್ತದೆ.

ಡಿಸ್ಕ್ ಕಂಡೂ 'ಇದರಲ್ಲಿ ಎಂಬಿಆರ್ ಪಟ್ಟಿಯಿದೆ, ಜಿಪಿಟಿ ಡಿಸ್ಕಿನಲ್ಲಿ ಮಾತ್ರ ಹಾಕಬಹುದು' ಎಂಬರ್ಥದ ಸಂದೇಶ ಬಂದರೆ ಅದು ಹಳತು ಹೊಸತರ ಜಗಳ. ಡಿಸ್ಕಿನ ಭಾಗಗಳ ಲೆಕ್ಕ ಬರೆದಿಡುವ ಹಳೆಯ ಕ್ರಮ ಎಂಬಿಆರ್. ಅದು 2 ಟಿಬಿವರೆಗಿನ ಡಿಸ್ಕನ್ನಷ್ಟೇ ಪೂರ್ತಿ ಬಳಸಬಲ್ಲದು, ನಾಲ್ಕೇ ಮುಖ್ಯ ಭಾಗ ಕೊಡಬಲ್ಲದು. ಹೊಸ ಕ್ರಮ ಜಿಪಿಟಿ. ಪೆನ್‌ಡ್ರೈವನ್ನು ಯುಇಎಫ್ಐ ರೀತಿಯಲ್ಲಿ ಎಬ್ಬಿಸಿದರೆ ವಿಂಡೋಸ್ ಜಿಪಿಟಿ ಕೇಳುತ್ತದೆ, ಹಳೆಯ ಲೆಗಸಿ ರೀತಿಯಲ್ಲಿ ಎಬ್ಬಿಸಿದರೆ ಎಂಬಿಆರ್ ಕೇಳುತ್ತದೆ. ಬೂಟ್ ಮೆನುವಿನಲ್ಲಿ ಒಂದೇ ಪೆನ್‌ಡ್ರೈವ್ ಎರಡು ಸಲ ಕಾಣುವುದನ್ನು ನೀವು ಗಮನಿಸಿರಬಹುದು. ಯುಇಎಫ್ಐ ಎಂದು ಮುಂದೆ ಬರೆದದ್ದು ಒಂದು, ಬರೆಯದ್ದು ಇನ್ನೊಂದು. ಯಾವುದನ್ನು ಆರಿಸಿದಿರಿ ಎಂಬುದರ ಮೇಲೆ ಈ ಜಗಳ ನಿಂತಿದೆ.

ಇಲ್ಲಿ ಎಲ್ಲರೂ ಹೇಳಿಕೊಡುವ ದಾರಿ ಡಿಸ್ಕ್‌ಪಾರ್ಟ್‌ನ 'ಕ್ಲೀನ್' ಆಜ್ಞೆ. ಶಿಫ್ಟ್ ಮತ್ತು ಎಫ್10 ಒಟ್ಟಿಗೆ ಒತ್ತಿ, ಕಪ್ಪು ಕಿಟಕಿಯಲ್ಲಿ ಅದನ್ನು ಟೈಪ್ ಮಾಡಿದರೆ 'ಖಚಿತವೇ?' ಎಂದು ಕೂಡ ಕೇಳದೆ ಡಿಸ್ಕಿನ ಎಲ್ಲ ಭಾಗಗಳನ್ನೂ ತೆಗೆದುಹಾಕುತ್ತದೆ. ಅಂಗಡಿ ಹುಡುಗ ಮರುದಿನ ಮಾಡಬೇಕೆಂದಿದ್ದುದು ಇದನ್ನೇ. ಹೊಸ ಖಾಲಿ ಡಿಸ್ಕಿಗೆ, ಅಥವಾ ನಕಲು ತೆಗೆದಾದ ಡಿಸ್ಕಿಗೆ ಇದು ಸರಿ. ಬೇರೆ ಯಾವಾಗಲೂ ಬೇಡ. ಅದೇ ಕಿಟಕಿಯಲ್ಲಿ 'ಲಿಸ್ಟ್ ಡಿಸ್ಕ್' ಎಂಬುದನ್ನು ಧೈರ್ಯವಾಗಿ ಒತ್ತಬಹುದು, ಅದು ಪಟ್ಟಿ ತೋರಿಸುತ್ತದೆ ಅಷ್ಟೆ. ಕೊನೆಯ ಕಾಲಮ್ಮಿನಲ್ಲಿ ನಕ್ಷತ್ರದ ಗುರುತಿದ್ದರೆ ಜಿಪಿಟಿ, ಇಲ್ಲದಿದ್ದರೆ ಎಂಬಿಆರ್.

ಫೈಲು ಕಳೆಯದೆ ಬದಲಿಸುವ ಉಪಕರಣವೊಂದನ್ನು ವಿಂಡೋಸ್ 10ರಲ್ಲೇ ಕೊಟ್ಟಿದ್ದಾರೆ, ಹೆಸರು ಎಂಬಿಆರ್2ಜಿಪಿಟಿ. ಬೂಟ್ ಆಗುವ ವಿಂಡೋಸ್ ಇನ್ನೂ ಡಿಸ್ಕಿನಲ್ಲಿ ಇದ್ದರೆ ಅದು ಕೆಲಸಕ್ಕೆ ಬರುತ್ತದೆ. ಆದರೆ ನಮ್ಮ ಊರುಗಳಲ್ಲಿ ಅಂಗಡಿಯವರು ಸಿ, ಡಿ, ಇ, ಎಫ್ ಎಂದು ಭಾಗ ಮಾಡಿ ಕೊಟ್ಟ ಡಿಸ್ಕುಗಳಲ್ಲಿ ಕೊನೆಯವು ಸಾಮಾನ್ಯವಾಗಿ ಎಕ್ಸ್‌ಟೆಂಡೆಡ್ ಭಾಗದೊಳಗೆ ಇರುತ್ತವೆ. ಅಂಥ ಡಿಸ್ಕನ್ನು ಅದು ಮುಟ್ಟುವುದಿಲ್ಲ. ದೊಡ್ಡಪ್ಪನದೂ ಹಾಗೇ ಇತ್ತು. ವಿಂಡೋಸ್ 10ಕ್ಕೆ ಹಳೆಯ ರೀತಿಯೂ ಒಪ್ಪಿಗೆಯಾದ್ದರಿಂದ ನಾನು ಯುಇಎಫ್ಐ ಎಂದು ಬರೆಯದ ಸಾಲನ್ನು ಆರಿಸಿ ಎಬ್ಬಿಸಿದೆ, ಸಿ ಭಾಗವನ್ನು ಮಾತ್ರ ಫಾರ್ಮ್ಯಾಟ್ ಮಾಡಿದೆ. ಡಿ ಇದ್ದಲ್ಲೇ ಇತ್ತು.

ನಕಲಿನ ನಡುವೆ ನಿಂತರೆ

ಈಗ ಹಾಜರಿ ಪುಸ್ತಕದ ಆ ಎರಡು ಅಂಕಿಗಳಿಗೆ ಬರೋಣ. ಪ್ರತಿ ಸಲವೂ ಒಂದೇ ಜಾಗದಲ್ಲಿ ನಿಂತರೆ ಪೆನ್‌ಡ್ರೈವಿನಲ್ಲೋ ಇಳಿಸಿಕೊಂಡ ಫೈಲಿನಲ್ಲೋ ಆ ಜಾಗ ಕೆಟ್ಟಿದೆ ಎಂದು ನಾನು ಮೊದಲು ಅನುಮಾನಿಸುತ್ತೇನೆ. ಒಮ್ಮೆ 38, ಒಮ್ಮೆ 61 ಎಂದು ಬೇರೆ ಬೇರೆ ಕಡೆ ನಿಂತರೆ ಅನುಮಾನ ರ‍್ಯಾಮಿನ ಮೇಲೆ. ಇದು ಶಾಸ್ತ್ರವಲ್ಲ, ಆದರೆ ಹುಡುಕಾಟ ಎಲ್ಲಿಂದ ಶುರು ಮಾಡಬೇಕೆಂದು ಹೇಳುತ್ತದೆ. 80070570 ಎಂದರೆ 'ಬೇಕಾದ ಫೈಲು ಕೆಟ್ಟಿದೆ ಅಥವಾ ಇಲ್ಲ' ಎಂಬರ್ಥ. ಫೈಲು ಪೆನ್‌ಡ್ರೈವಿನಲ್ಲಿ ಚೆನ್ನಾಗಿದ್ದು ರ‍್ಯಾಮಿನ ಮೂಲಕ ಹಾಯುವಾಗ ಕೆಟ್ಟರೂ ಇದೇ ಸಂಖ್ಯೆ ಬರಬಹುದು.

ಸುಲಭವಾದದ್ದನ್ನು ಮೊದಲು ಮಾಡಿ. ಬೇರೆ ಪೆನ್‌ಡ್ರೈವ್, ಬೇರೆ ಪೋರ್ಟ್. ಇಳಿಸಿದ ಫೈಲು ಸರಿಯಿದೆಯೇ ಎಂದು ನೋಡಲು ಅದರ ಎಸ್‌ಎಚ್‌ಎ-256 ಮೊತ್ತವನ್ನು ತೆಗೆದು, ತಾಣದಲ್ಲಿ ಕೊಟ್ಟದ್ದಕ್ಕೆ ಹೋಲಿಸಿ. ಒಂದೇ ಒಂದು ಅಕ್ಷರ ಬೇರೆಯಾದರೂ ಫೈಲನ್ನು ಮತ್ತೆ ಇಳಿಸಿಕೊಳ್ಳಬೇಕು. ನಾವು ಇದೆಲ್ಲ ಮಾಡಿದೆವು. ಹೊಸ ಪೆನ್‌ಡ್ರೈವಿನಲ್ಲಿ 44ಕ್ಕೆ ನಿಂತಿತು.

ಆಮೇಲೆ ಕ್ಯಾಬಿನೆಟ್ ಬಿಚ್ಚಿದೆವು. ನೀವೂ ಬಿಚ್ಚುವುದಾದರೆ ಪವರ್ ಕೇಬಲ್ ಕಿತ್ತು, ಪವರ್ ಬಟನ್ನನ್ನು ಕೆಲವು ಸೆಕೆಂಡು ಒತ್ತಿ ಹಿಡಿದು, ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹವನ್ನೊಮ್ಮೆ ಮುಟ್ಟಿ. ಮೈಯಲ್ಲಿರುವ ಸ್ಥಾಯೀ ವಿದ್ಯುತ್ತು ಹರಿದುಹೋಗಲಿ. ಒಳಗೆ ಫ್ಯಾನಿನ ಸುತ್ತ ತೆಂಗಿನ ನಾರಿನ ಸಣ್ಣ ಎಳೆಗಳು ಸುತ್ತಿಕೊಂಡು ಕಂದು ಬಣ್ಣದ ಮೆತ್ತೆಯಂತಾಗಿತ್ತು. ಹಿತ್ತಲಲ್ಲಿ ಕಾಯಿ ಸುಲಿಯುವ ಮನೆ. ಬ್ರಷ್ಷಿನಿಂದ ಅದನ್ನೆಲ್ಲ ತೆಗೆದೆವು. ಎರಡು ರ‍್ಯಾಮ್ ಕಡ್ಡಿಗಳಿದ್ದವು, 2 ಜಿಬಿಯವು. ಎರಡೂ ತುದಿಯ ಕ್ಲಿಪ್ ಹಿಂದಕ್ಕೆ ತಳ್ಳಿದರೆ ಕಡ್ಡಿ ಮೇಲೇಳುತ್ತದೆ. ದೊಡ್ಡಪ್ಪ ತಮ್ಮ ಪೆಟ್ಟಿಗೆಯಿಂದ ಬಿಳಿ ರಬ್ಬರ್ ತಂದರು. ಚಿನ್ನದ ಬಣ್ಣದ ಹಲ್ಲುಗಳನ್ನು ಮೆಲ್ಲಗೆ ಒಂದೇ ದಿಕ್ಕಿನಲ್ಲಿ ಉಜ್ಜಿ, ಪುಡಿ ಒರೆಸಿ, 'ಟಕ್' ಎಂದು ಎರಡೂ ಕಡೆ ಕೂರುವವರೆಗೆ ಒತ್ತಿ ಕೂರಿಸಿದೆವು. ಎಷ್ಟೋ ಯಂತ್ರಗಳು ಇಷ್ಟಕ್ಕೇ ಸರಿಹೋಗುತ್ತವೆ. ನಮ್ಮದು ಹೋಗಲಿಲ್ಲ.

ಮೆಮ್‌ಟೆಸ್ಟ್86+ ಎಂಬ ಉಚಿತ ತಂತ್ರಾಂಶವನ್ನು ಪೆನ್‌ಡ್ರೈವಿಗೆ ಹಾಕಿ ಓಡಿಸಿದರೆ ಅದು ರ‍್ಯಾಮಿನ ಮೂಲೆ ಮೂಲೆಗೂ ಬರೆದು, ಮತ್ತೆ ಓದಿ ನೋಡುತ್ತದೆ. ಸ್ವಲ್ಪ ಹೊತ್ತಿನಲ್ಲಿ ನೀಲಿ ಪರದೆಯ ತಳದಲ್ಲಿ ಕೆಂಪು ಸಾಲುಗಳು ಒಂದರ ಕೆಳಗೊಂದು ಬರತೊಡಗಿದವು. ಒಂದೇ ಒಂದು ಕೆಂಪು ಸಾಲು ಬಂದರೂ ರ‍್ಯಾಮ್ ನಂಬಿಕೆಗೆ ತಕ್ಕದ್ದಲ್ಲ. ಒಂದೊಂದೇ ಕಡ್ಡಿ ಹಾಕಿ ನೋಡಿದಾಗ ಒಂದು ಪೂರ್ತಿ ಸುತ್ತು ಶುದ್ಧವಾಗಿ ಬಂತು, ಇನ್ನೊಂದರಲ್ಲಿ ಮತ್ತೆ ಕೆಂಪು. ಕೆಟ್ಟದ್ದನ್ನು ತೆಗೆದಿಟ್ಟು ಒಂದೇ ಕಡ್ಡಿಯಲ್ಲಿ ಶುರು ಮಾಡಿದರೆ 38 ದಾಟಿತು, 61 ದಾಟಿತು, 100 ಆಯಿತು. ಹೊಸ ಕಡ್ಡಿ ಆಮೇಲೆ ಕೊಂಡೆವು.

ಇಲ್ಲಿ ಇನ್ನೊಂದು ಮಾತಿದೆ. ನಾನು ಹಿಂದಿನ ರಾತ್ರಿ ಲಿನಕ್ಸಿನಿಂದ ದೊಡ್ಡಪ್ಪನ ಫೈಲುಗಳನ್ನು ನಕಲು ಮಾಡಿದ್ದು ಆ ಕೆಟ್ಟ ರ‍್ಯಾಮಿನ ಮೂಲಕವೇ ತಾನೆ? ಆ ನಕಲನ್ನು ನಂಬುವಂತಿರಲಿಲ್ಲ. ಒಳ್ಳೆಯ ಕಡ್ಡಿ ಒಂದೇ ಇದ್ದಾಗ, ಸಿ ಫಾರ್ಮ್ಯಾಟ್ ಮಾಡುವ ಮೊದಲು, ಇನ್ನೊಮ್ಮೆ ನಕಲು ತೆಗೆದೆ. ನಿಮಗೂ ರ‍್ಯಾಮ್ ದೋಷ ಸಿಕ್ಕರೆ ಇದನ್ನು ತಪ್ಪಿಸಬೇಡಿ.

ರ‍್ಯಾಮ್ ಶುದ್ಧವಿದ್ದೂ ನಿಲ್ಲುತ್ತಿದ್ದರೆ ಡಿಸ್ಕನ್ನೂ ಅದರ ಸಾಟಾ ಕೇಬಲ್ಲನ್ನೂ ನೋಡಬೇಕು. ಕೇಬಲ್ ಬದಲಿಸುವುದು ಅಗ್ಗ. ಡಿಸ್ಕನ್ನು ಇನ್ನೊಂದು ಕಂಪ್ಯೂಟರಿಗೆ ಜೋಡಿಸಿ ಕ್ರಿಸ್ಟಲ್‌ಡಿಸ್ಕ್‌ಇನ್ಫೋದಲ್ಲಿ ತೆರೆದರೆ ಅದರ ಆರೋಗ್ಯ ತಿಳಿಯುತ್ತದೆ. 'ಕಾಷನ್' ಅಥವಾ 'ಬ್ಯಾಡ್' ಎಂದು ತೋರಿಸಿದ ಡಿಸ್ಕಿಗೆ ಓಎಸ್ ಹಾಕುವುದು ವ್ಯರ್ಥ ಶ್ರಮ. ಕರೆಂಟಿನ ವಿಷಯ ಹೇಳಲೇಬೇಕಿಲ್ಲ. ಡೆಸ್ಕ್‌ಟಾಪ್ ಆದರೆ ಯುಪಿಎಸ್ ಇರಲಿ, ಲ್ಯಾಪ್‌ಟಾಪ್ ಆದರೆ ಚಾರ್ಜರ್ ಹಾಕಿರಲಿ. ಬಯಾಸ್ ಅಪ್‌ಡೇಟನ್ನಂತೂ ಕರೆಂಟು ಹೋಗಿ ಬಂದು ಮಾಡುವ ದಿನ ಮಾಡಲೇಬೇಡಿ.

ರೀಸ್ಟಾರ್ಟ್ ಆದಮೇಲೆ

ನಕಲು ಮುಗಿದು ರೀಸ್ಟಾರ್ಟ್ ಆಗಿ, ಮತ್ತೆ ಭಾಷೆ ಆರಿಸುವ ಮೊದಲ ಪರದೆಯೇ ಬಂತೆಂದರೆ ಏನೂ ಕೆಟ್ಟಿಲ್ಲ. ಯಂತ್ರ ಮತ್ತೆ ಪೆನ್‌ಡ್ರೈವಿನಿಂದಲೇ ಎದ್ದಿದೆ. ಮೊದಲ ರೀಸ್ಟಾರ್ಟ್ ಹೊತ್ತಿಗೆ ಅದನ್ನು ಕಿತ್ತುಬಿಡಿ.

ಹಳೆಯ ವಿಂಡೋಸ್ ಮೇಲೆ ಅಪ್‌ಗ್ರೇಡ್ ಮಾಡುವಾಗ ಸಿ1900101 ಎಂಬ ಸಂಖ್ಯೆಯೊಂದಿಗೆ ಹಿಂದಕ್ಕೆ ಮರಳಿದರೆ ಸಾಮಾನ್ಯವಾಗಿ ಡ್ರೈವರಿನ ತಕರಾರು. ಪ್ರಿಂಟರ್, ಡಾಂಗಲ್ ಎಲ್ಲ ಕಿತ್ತು, ಹೊರಗಿನಿಂದ ಹಾಕಿದ ಆ್ಯಂಟಿವೈರಸ್ ತೆಗೆದು ಮತ್ತೆ ಪ್ರಯತ್ನಿಸಿ. ಉಬುಂಟುವಿನಲ್ಲಿ ಕಪ್ಪು ಪರದೆ ಬಂದರೆ, ವಿಶೇಷವಾಗಿ ಎನ್‌ವಿಡಿಯಾ ಕಾರ್ಡ್ ಇದ್ದರೆ, ಶುರುವಿನ ಮೆನುವಿನಲ್ಲಿ 'ಸೇಫ್ ಗ್ರಾಫಿಕ್ಸ್' ಸಾಲನ್ನು ಆರಿಸಿ. ವಿಂಡೋಸ್ 11 ಇಂಟರ್‌ನೆಟ್ ಇಲ್ಲದೆ ಮುಂದೆ ಹೋಗುವುದಿಲ್ಲವೆಂದು ಕೂತು, ವೈಫೈ ಪಟ್ಟಿಯೂ ಖಾಲಿಯಾಗಿದ್ದರೆ, ಆಂಡ್ರಾಯ್ಡ್ ಫೋನನ್ನು ಕೇಬಲ್ಲಿನಿಂದ ಜೋಡಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಪ್ರತಿ ಸಲ ಆರಿಸಿದಾಗಲೂ ಗಡಿಯಾರ ಹಳೆಯ ವರ್ಷಕ್ಕೆ ಹೋಗಿ, ಬಯಾಸ್ ಸೆಟ್ಟಿಂಗ್ ಮರೆತುಹೋಗುತ್ತಿದ್ದರೆ ಮದರ್‌ಬೋರ್ಡಿನ ಮೇಲಿನ ನಾಣ್ಯದಂಥ ಸಿಆರ್2032 ಸೆಲ್ ಬದಲಿಸಿ.

ಇನ್ನು ಫಾಂಟಿನ ವಿಷಯ. ಎಲ್ಲ ಮುಗಿದ ಮೇಲೆ ದೊಡ್ಡಪ್ಪ ಕನ್ನಡಕ ಸರಿಮಾಡಿಕೊಂಡು ತಮ್ಮ ಫೈಲನ್ನು ತೆರೆದರು. ಪುಟದ ತುಂಬ ಇಂಗ್ಲಿಷ್ ಅಕ್ಷರಗಳೂ ಚಿಹ್ನೆಗಳೂ ಕಲಸಿಕೊಂಡಿದ್ದವು. ಅವರು ಮಾತಾಡಲಿಲ್ಲ. ಬಾಗಿಲಲ್ಲಿ ನಿಂತಿದ್ದ ದೊಡ್ಡಮ್ಮ, "ಹೋಯ್ತೇನೋ ಎಲ್ಲಾ?" ಎಂದರು.

ಹೋಗಿರಲಿಲ್ಲ. ಯೂನಿಕೋಡ್‌ಗೆ ಮುಂಚಿನ ನುಡಿ, ಬರಹ ತಂತ್ರಾಂಶಗಳ ಕಡತಗಳಲ್ಲಿ ಒಳಗೆ ಇರುವುದು ಇಂಗ್ಲಿಷ್ ಸಂಕೇತಗಳೇ. ಅವುಗಳಿಗೆ ಕನ್ನಡದ ರೂಪ ಕೊಡುವುದು ಫಾಂಟು. ಹೊಸ ವಿಂಡೋಸ್‌ನಲ್ಲಿ ಆ ಫಾಂಟು ಇರುವುದಿಲ್ಲ, ಅಷ್ಟೆ. ಅಂಥ ಕಡತವನ್ನು ಕೆಟ್ಟಿತೆಂದು ಅಳಿಸಿದವರನ್ನು ನಾನು ಬಲ್ಲೆ. ನಕಲು ತೆಗೆದಿಟ್ಟ ಫಾಂಟ್ಸ್ ಫೋಲ್ಡರಿನಿಂದ ನುಡಿ ಫಾಂಟುಗಳನ್ನು ಆರಿಸಿ, ಬಲಗಡೆ ಕ್ಲಿಕ್ ಮಾಡಿ ಇನ್‌ಸ್ಟಾಲ್ ಒತ್ತಿದೆ. ಫೈಲು ಮುಚ್ಚಿ ಮತ್ತೆ ತೆರೆದರೆ ಮೊದಲ ಸಾಲಿನಲ್ಲೇ ನಮ್ಮ ಮುತ್ತಜ್ಜನ ಹೆಸರಿತ್ತು. ದೊಡ್ಡಪ್ಪ ಅದನ್ನು ಜೋರಾಗಿ ಓದಿದರು. ಆಮೇಲೆ ಡ್ರಾಯರಿನಿಂದ ಎರಡು ಪೆನ್‌ಡ್ರೈವ್ ತೆಗೆದು, "ಇದಕ್ಕೊಂದು, ಅದಕ್ಕೊಂದು ಹಾಕಪ್ಪ, ಒಂದು ನೀನು ಬೆಂಗಳೂರಿಗೆ ತಗೊಂಡು ಹೋಗು," ಎಂದರು.